ಕೊಡೆ ಅಂಗಡಿಯ ಮ್ಯಾನೇಜರ್

ನಿನ್ನೆ ಮಧ್ಯಾಹ್ನ ನನ್ನ ತಂಗಿಯ ಮಗಳು ಅಂಗಡಿಗೆ ಬಂದವಳೇ ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಳು. ನಾನು ಕೊಡೆಯೊಂದರ ಸೊಟ್ಟ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡುತ್ತಿದ್ದೆ. ಇಂಥ ಹೊತ್ತಿನಲ್ಲಿ ನನ್ನನ್ನು ಮಾತಾಡಿಸಬಾರದು ಎಂದು ಈ ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಇವಳೊಬ್ಬಳನ್ನು ಬಿಟ್ಟು. ಡಬ್ಬಿಯ ಮುಚ್ಚಳಕ್ಕೆ ಯಾರೋ ಸೂಜಿಯಲ್ಲಿ ತೂತು ಹೊಡೆದಿದ್ದರು. ಒಳಗೆ ಹಸಿರು ಮರಗಪ್ಪೆಯೊಂದು ಗೋಡೆಗೆ ಅಂಟಿಕೊಂಡು, ಕರೆಯದೆ ಬಂದ ನೆಂಟನ ಹಾಗೆ ಪಿಳಿಪಿಳಿ ಕಣ್ಣು ಬಿಡುತ್ತಿತ್ತು.

"ದೊಡ್ಡಮ್ಮ, ನಾನು ಕಪ್ಪೆ ಸಾಕ್ತೀನಿ. ಹೇಗೆ ಸಾಕೋದು ಅಂತ ಹೇಳಿ."

"ತಂದಾದ ಮೇಲೆ ಕೇಳ್ತಿದ್ದೀಯಾ?"

"ಮಾರೋನು ಹೇಳಿದ, ತುಂಬಾ ಸುಲಭ, ಹೊಸಬರಿಗೆ ಇದಕ್ಕಿಂತ ಒಳ್ಳೇದು ಯಾವುದೂ ಇಲ್ಲ ಅಂತ."

"ಮಾರೋನಿಗೆ ಸುಲಭಾನೇ. ಮಾರಿ ಕೈ ತೊಳ್ಕೊಂಡ. ನೀನು ಕೈ ತೊಳ್ಕೊಂಡ್ಯಾ?"

ಅವಳು ಕೈ ನೋಡಿಕೊಂಡಳು. ಕಪ್ಪೆಯನ್ನು ಮುಟ್ಟುವ ಮೊದಲು ಕೈ ತೊಳೆಯಬೇಕು, ಸೋಪಿಲ್ಲದೆ, ಬರೀ ನೀರಿನಲ್ಲಿ. ಮುಟ್ಟಿದ ಮೇಲೆ ಸೋಪು ಹಾಕಿ ತೊಳೆಯಬೇಕು. ಎಲ್ಲಕ್ಕಿಂತ ಒಳ್ಳೆಯದು ಮುಟ್ಟದೇ ಇರುವುದು. ನಾಯಿಮರಿಯ ಹಾಗೆ ಮುದ್ದು ಮಾಡಿಸಿಕೊಳ್ಳುವ ಪ್ರಾಣಿ ಅದಲ್ಲ. ನಮ್ಮ ಕೈಯ ಬೆವರು, ಎಣ್ಣೆ, ಕ್ರೀಮು ಎಲ್ಲವೂ ಅದರ ಚರ್ಮದ ಮೂಲಕ ಸೀದಾ ಒಳಗೆ ಇಳಿಯುತ್ತವೆ. ಇಷ್ಟನ್ನು ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಎಷ್ಟು ವರ್ಷವಾಗಿತ್ತು ಈ ಮಾತುಗಳು ನನ್ನ ಬಾಯಿಗೆ ಬಂದು.

"ಅಮ್ಮ ಹೇಳಿದ್ಲು, ಕಪ್ಪೆ ವಿಷಯ ದೊಡ್ಡಮ್ಮನ್ನ ಕೇಳು, ಅವಳಿಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿಲ್ಲ ಅಂತ."

ಹೊಗಳಿದರೆ ಉಬ್ಬುವವಳಲ್ಲ ನಾನು. ಆದರೂ ಇಕ್ಕಳ ಕೆಳಗಿಟ್ಟು, ಸ್ಟೂಲು ಎಳೆದು ಅವಳನ್ನು ಕೂರಿಸಿದೆ.

ನಮ್ಮದು ಕೊಡೆ ರಿಪೇರಿಯ ಮನೆ. ಕೆಳಗೆ ಈ ಅಂಗಡಿ, ಹಿಂದೆ ಮರದ ಮೆಟ್ಟಿಲು, ಮೆಟ್ಟಿಲ ಮೇಲೆ ಮನೆ. ಅಂಗಡಿಯ ಹಿಂಬಾಗಿಲು ತೆರೆದರೆ ಅಂಗೈ ಅಗಲದ ಹಿತ್ತಲು, ಅದರಲ್ಲಿ ಒಂದು ನಲ್ಲಿ, ಒಂದು ಕಲ್ಲು. ನಾನು ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಎರಡು ಸ್ಟೂಲುಗಳಿದ್ದವು. ಒಂದರ ಮೇಲೆ ದೊಡ್ಡಪ್ಪ, ಇನ್ನೊಂದರ ಮೇಲೆ ಅಪ್ಪ. ಕಡ್ಡಿ, ಸ್ಪ್ರಿಂಗು, ಹಿಡಿ ಇವೆಲ್ಲ ದೊಡ್ಡಪ್ಪನ ಕೆಲಸ. ಬಟ್ಟೆ, ಹೊಲಿಗೆ, ಹೊಲಿಗೆಯ ಮೇಲೆ ಮೇಣ ಉಜ್ಜುವುದು ಅಪ್ಪನ ಕೆಲಸ. ದೊಡ್ಡಪ್ಪ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ "ಒಂದು ಕೊಡೇಲಿ ಇಬ್ರು ಹೋದ್ರೆ ಇಬ್ರ ಭುಜಾನೂ ತೋಯುತ್ತೆ" ಎಂದು ಉತ್ತರ ಕೊಡುತ್ತಿದ್ದ. ಹಾಗೆ ಹೇಳಿದವನು ನಮ್ಮೆಲ್ಲರ ಜೊತೆ ಒಂದೇ ಸೂರಿನಡಿ ಇದ್ದ, ಅದು ಬೇರೆ ಮಾತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂದು ಯಾರಾದರೂ ಗಾದೆ ಹೇಳಿದರೆ ಅವನಿಗೆ ಖುಷಿಯೋ ಖುಷಿ. "ಅಂಥೋರು ಈ ಬೀದೀಲಿ ನಾಲ್ಕು ಜನ ಇದ್ದಿದ್ರೆ ನಾವು ರಾತ್ರಿನೂ ಅಂಗಡಿ ತೆಗೀಬಹುದಿತ್ತು" ಎನ್ನುತ್ತಿದ್ದ.

ರಿಪೇರಿಯಾದ ಕೊಡೆಯನ್ನು ಹಾಗೆಯೇ ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಸಂಜೆ ಹಿತ್ತಲಿಗೆ ಒಯ್ದು ಬಿಚ್ಚುತ್ತಿದ್ದರು. ಅಪ್ಪ ಅದರಡಿ ನಿಂತು ಬಟ್ಟೆಯನ್ನೇ ನೋಡುತ್ತಿದ್ದ. ದೊಡ್ಡಪ್ಪ ಜರಡಿ ಮೂತಿಯ ಕ್ಯಾನಿನಿಂದ ಮೇಲೆ ನೀರು ಸುರಿಯುತ್ತಿದ್ದ. ಅದೇ, ಹೂವಿನ ಕುಂಡಕ್ಕೆ ನೀರು ಹಾಕುವಂಥ ಕ್ಯಾನು. ಒಂದು ಹನಿ ಅಪ್ಪನ ಹಣೆಗೆ ಬಿದ್ದರೆ ಕೊಡೆ ಮತ್ತೆ ಮೇಜಿಗೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ, ಹೊರಗೊಬ್ಬ ಬೇಕು, ಒಳಗೊಬ್ಬ ಬೇಕು.

ಕಪ್ಪೆ ಬಂದದ್ದೂ ಒಂದು ಕೊಡೆಯೊಳಗೇ. ತೋಟದ ಮಾಲಿಯೊಬ್ಬ ತನ್ನ ಕೊಡೆಯನ್ನು ಯಾವುದೋ ಮರದ ಬುಡದಲ್ಲಿ ಮರೆತು, ಬಹಳ ದಿನದ ಮೇಲೆ ಹುಡುಕಿ ತಂದಿದ್ದ. ದೊಡ್ಡಪ್ಪ ಅದನ್ನು ಬಿಚ್ಚಿದ, ಒಳಗಿನಿಂದ ಮರಗಪ್ಪೆಯೊಂದು ಅವನ ತೊಡೆಯ ಮೇಲೆ ಬಿತ್ತು. "ಕೊಡೆ ಮಾತ್ರ ನನ್ನದು, ಅದು ನನ್ನದಲ್ಲ" ಎಂದ ಮಾಲಿ. "ಹಾಗಾದ್ರೆ ನಮ್ಮದು" ಎಂದ ದೊಡ್ಡಪ್ಪ. ಹಿಡಿಗಳನ್ನು ಇಡುತ್ತಿದ್ದ ಗಾಜಿನ ಪೆಟ್ಟಿಗೆ ಖಾಲಿ ಮಾಡಿ, ಅದರಲ್ಲಿ ಒಂದು ಮರದ ಕೊಂಬೆ, ಒಂದಿಷ್ಟು ಪಾಚಿ, ಒಂದು ತಟ್ಟೆ ನೀರು ಇಟ್ಟು, ಅದನ್ನು ಹಿಂಬಾಗಿಲ ಬಳಿ ಮೆಟ್ಟಿಲಿನ ಬುಡಕ್ಕೆ ಸೇರಿಸಿದ. ಹೆಸರನ್ನೂ ಅವತ್ತೇ ಇಟ್ಟ.

"ಕೂತಲ್ಲೇ ಕೂತಿರ್ತಾನೆ. ಕೆಲಸ ಏನೂ ಮಾಡಲ್ಲ. ಎಲ್ರ ಮೇಲೂ ಕಣ್ಣಿಟ್ಟಿರ್ತಾನೆ. ಮ್ಯಾನೇಜರ್ ಅಲ್ದೆ ಇನ್ನೇನು" ಎಂದ.

ಮ್ಯಾನೇಜರ್ ಕೂಗಲು ಶುರುಮಾಡಿದ್ದು ಸ್ವಲ್ಪ ದಿನದ ಮೇಲೆ. ಅಷ್ಟು ಚಿಕ್ಕ ಮೈಯಿಂದ ಅಷ್ಟು ದೊಡ್ಡ ಸದ್ದು ಬರುತ್ತದೆ ಎಂದರೆ ಕೇಳಿದವರು ಮಾತ್ರ ನಂಬಿಯಾರು. ಗಂಟಲು ಪುಗ್ಗೆಯಂತೆ ಉಬ್ಬುತ್ತಿತ್ತು, ಮೆಟ್ಟಿಲ ಗೂಡಿನಲ್ಲಿ ಸದ್ದು ಸುತ್ತಿಕೊಂಡು ಮೇಲಿನ ಮನೆಗೆ ಬರುತ್ತಿತ್ತು. ಕಪ್ಪೆ ಕೂಗಿದರೆ ಮಳೆ, ಮಳೆಯಾದರೆ ಗಿರಾಕಿ. ಹಾಗಾಗಿ ದೊಡ್ಡಪ್ಪ ಒಂದು ಕಾನೂನು ಮಾಡಿದ. ಮ್ಯಾನೇಜರ್ ಕೂಗಿದ ಕೂಡಲೇ ಅಂಗಡಿ ತೆಗೆಯಬೇಕು. ದೊಡ್ಡಪ್ಪನೋ ಕೋಳಿಗಿಂತ ಮೊದಲು ಏಳುವವನು. ಅಪ್ಪನೋ ಹಾಸಿಗೆಗೆ ಹೊಲಿದು ಹಾಕಿದವನಂತೆ ಮಲಗುವವನು. ದಿನಾ ಬೆಳಿಗ್ಗೆ ಕೆಳಗೆ ಕಪ್ಪೆ ಕೂಗುತ್ತಿತ್ತು, ಹಿಂದೆಯೇ ಮೆಟ್ಟಿಲ ಬುಡದಿಂದ ದೊಡ್ಡಪ್ಪ ಕೂಗುತ್ತಿದ್ದ.

"ಮ್ಯಾನೇಜರ್ ಕೂಗಾಯ್ತು, ಏಳೋ ಸೋಮಾರಿ."

ಅಪ್ಪ ಗೊಣಗುತ್ತ ಎದ್ದು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೆಳಗಿಳಿಯುತ್ತಿದ್ದ. ಹೊರಗೆ ನೋಡಿದರೆ ಎಷ್ಟೋ ಸಲ ಕಣ್ಣು ಕುಕ್ಕುವ ಬಿಸಿಲು. "ಎಲ್ಲಿದೆಯೋ ಅಣ್ಣ ಮಳೆ?" ಎಂದು ಅಪ್ಪ ಕೇಳಿದರೆ ದೊಡ್ಡಪ್ಪನ ಉತ್ತರ ಸಿದ್ಧವಾಗಿರುತ್ತಿತ್ತು: "ಎಲ್ಲೋ ಬರ್ತಿರುತ್ತೆ. ನಿನ್ನ ಮೂಗಿನ ಮುಂದೇನೇ ಬರ್ಬೇಕಾ?" ನಾನು ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತ ಇವರ ಜಗಳ ಕೇಳುತ್ತಿದ್ದೆ. ಆ ಬೆಳಗುಗಳಷ್ಟು ಸುಖದ ಬೆಳಗುಗಳು ನನ್ನ ಜೀವನದಲ್ಲಿ ಮತ್ತೆ ಬರಲಿಲ್ಲ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಹೋಗಿಬಿಟ್ಟ. ಜ್ವರ ಬಂತು, ಇಳಿಯಲಿಲ್ಲ. ಅಪ್ಪ ಮಾಡಬೇಕಾದ್ದನ್ನೆಲ್ಲ ನೆಟ್ಟಗೆ ನಿಂತು ಮಾಡಿದ. ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಎಲ್ಲರೂ ಹೋದ ಮೇಲೆ ಮೆಟ್ಟಿಲು ಹತ್ತಿ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಲಗಿದವನು ಏಳಲೇ ಇಲ್ಲ. ಊಟ ಕೊಟ್ಟರೆ ತಿಂದ, ಕೊಡದಿದ್ದರೆ ಕೇಳಲಿಲ್ಲ. ಚಳಿಗಾಲ ಕಳೆಯಿತು, ಬಿಸಿಲು ಏರಿತು. ಕೆಳಗೆ ಜನರ ಕೊಡೆಗಳು ಚೀಟಿ ಕಟ್ಟಿಸಿಕೊಂಡು ಬಾವಲಿಗಳ ಹಾಗೆ ನೇತಾಡುತ್ತಿದ್ದವು. ಬಾಗಿಲು ಬಡಿದವರಿಗೆ ಅಮ್ಮ ಕಿಟಕಿಯಿಂದಲೇ "ಹುಷಾರಿಲ್ಲ ಅವರಿಗೆ" ಎನ್ನುತ್ತಿದ್ದಳು. ಪಕ್ಕದ ದರ್ಜಿಯ ಅಂಗಿಗಳಿಗೆ ಗುಂಡಿ ಹಾಕಿ ಕೊಟ್ಟು ಮನೆ ನಡೆಸುತ್ತಿದ್ದಳು. ತಂಗಿ, ಅಂದರೆ ಇವಳಮ್ಮ, ಆಗಿನ್ನೂ ತೊಟ್ಟಿಲಲ್ಲಿದ್ದಳು.

"ಈ ಸಲದ ಮಳೆಗೆ ಮುಂಚೆ ಏಳದಿದ್ರೆ ಇವರು ಇನ್ನೆಂದೂ ಏಳಲ್ಲ" ಎಂದು ಅಮ್ಮ ಒಂದು ದಿನ ನನಗೆ ಹೇಳಿದಳು. ನನ್ನನ್ನು ದೊಡ್ಡವಳೆಂದು ತಿಳಿದು ಅವಳು ಮಾತಾಡಿದ್ದು ಅದೇ ಮೊದಲು.

ಬಂದುಹೋದ ನೆಂಟರೆಲ್ಲ ಒಂದೇ ಬುದ್ಧಿ ಹೇಳಿದ್ದರು. ಅವನ ಮುಂದೆ ಅಣ್ಣನ ಹೆಸರೆತ್ತಬೇಡಿ, ಅವನ ಸಾಮಾನು ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ಅಮ್ಮನಿಗೂ ಅದೇ ಸರಿ ಎನಿಸಿತ್ತು. ದೊಡ್ಡಪ್ಪನ ಕನ್ನಡಕ, ಅಂಗಿ, ಸ್ಟೂಲು ಎಲ್ಲವೂ ಅಟ್ಟ ಸೇರಿದವು. ನಾನು ಬಾಯಿ ತಪ್ಪಿ "ದೊಡ್ಡಪ್ಪ" ಎಂದರೆ ಅಮ್ಮ ಕಣ್ಣಲ್ಲೇ ಗದರುತ್ತಿದ್ದಳು. ಮನೆಯಲ್ಲಿ ಅಂಥವನೊಬ್ಬ ಇದ್ದನೆಂಬುದೇ ಸುಳ್ಳೋ ಎನ್ನುವ ಹಾಗೆ ನಾವು ಬದುಕುತ್ತಿದ್ದೆವು.

ಮ್ಯಾನೇಜರನ್ನು ಮಾತ್ರ ಅಟ್ಟಕ್ಕೆ ಹಾಕಲು ಬರುತ್ತಿರಲಿಲ್ಲ. ಚಳಿಗಾಲವೆಲ್ಲ ಅದು ಕೆಳಗಿನ ತಂಪಿನಲ್ಲಿ ಪಾಚಿಯೊಳಗೆ ಹುದುಗಿ ಹೇಗೋ ಕಳೆದಿತ್ತು. ಆಮೇಲೆ, ಕೆಳಗೆ ನೋಡುವವರಿಲ್ಲ ಎಂದು ಗಾಜಿನ ಪೆಟ್ಟಿಗೆಯನ್ನು ಅಮ್ಮನೂ ನಾನೂ ಹೊತ್ತು ಮೇಲೆ ತಂದು, ಅಪ್ಪನ ಕೋಣೆಯ ಹೊರಗೆ, ಮೆಟ್ಟಿಲು ಮುಗಿಯುವಲ್ಲಿ ಇಟ್ಟೆವು. ಅಲ್ಲಿಂದ ಶುರುವಾಯಿತು ನಮ್ಮ ಸಾಕಣೆ. ಅದುವರೆಗೆ ದೊಡ್ಡಪ್ಪ ಏನು ಮಾಡುತ್ತಿದ್ದನೆಂದು ನಾವು ಯಾರೂ ಗಮನಿಸಿರಲಿಲ್ಲ.

ನಾವು ಏನು ಮಾಡಿದೆವು ಗೊತ್ತೇ? ಪೆಟ್ಟಿಗೆಯ ಮೇಲೆ ಒಳ್ಳೆಯ ಕಪ್ಪು ಕೊಡೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿದೆವು. ಮಳೆ ಬಂದರೆ ಸೂರಿನಿಂದ ಹನಿ ಬೀಳಬಾರದಲ್ಲ. ಒದ್ದೆ ಪಾಚಿ ತೆಗೆದು ಒಣ ಟವಲು ಹಾಸಿದೆವು. ಗಾಜಿನ ಒಳಗೆ ಬೆವರಿದಂತೆ ನೀರು ಕಂಡರೆ ಅಮ್ಮ ದಿನಾ ಬೆಳಿಗ್ಗೆ ಒರೆಸುತ್ತಿದ್ದಳು. ಕುಡಿಯಲು ಒಂದು ಮುಚ್ಚಳದಲ್ಲಿ ನಲ್ಲಿ ನೀರು. ತಿನ್ನಲು ಬ್ರೆಡ್ಡಿನ ಚೂರು. ನಾವು ಕೊಡೆಯವರು. ಯಾರ ಮೇಲಾದರೂ ಅಕ್ಕರೆಯಿದ್ದರೆ ಅವರ ಮೇಲೆ ನೀರು ಬೀಳದ ಹಾಗೆ ನೋಡಿಕೊಳ್ಳುವುದು, ನಮಗೆ ಗೊತ್ತಿದ್ದದ್ದು ಅಷ್ಟೇ.

ಕಪ್ಪೆ ದಿನದಿಂದ ದಿನಕ್ಕೆ ಬಣ್ಣಗೆಟ್ಟಿತು. ಹಸಿರು ಹೋಗಿ ಹಳೆಯ ಚೀಲದ ಬಣ್ಣ ಬಂತು. ಗಾಜಿಗೆ ಅಂಟುವ ಶಕ್ತಿಯಿಲ್ಲದೆ ಟವಲಿನ ಮೂಲೆಯಲ್ಲಿ ಮುದುಡಿ ಕೂತಿತು. ಕೂಗಂತೂ ಇಲ್ಲವೇ ಇಲ್ಲ. ಬಾಗಿಲ ಒಳಗೆ ಅಪ್ಪ, ಹೊರಗೆ ಕಪ್ಪೆ. ಇಬ್ಬರೂ ಒಂದೇ ಸಮನೆ ಸೊರಗುತ್ತಿದ್ದರು. ನಾನು ಇದನ್ನು ಹೇಳಿ ಅತ್ತೆ. "ಅದಾದ್ರೂ ಉಳೀಲಿ, ಹೋಗಿ ಯಾರನ್ನಾದ್ರೂ ಕೇಳ್ಕೊಂಡು ಬಾ" ಎಂದು ಅಮ್ಮ ನನ್ನನ್ನು ಕಳಿಸಿದಳು.

ಬೀದಿಯ ಕೊನೆಯಲ್ಲಿ ಬಣ್ಣದ ಮೀನು ಮಾರುವವಳಿದ್ದಳು. ಗುಂಡಗಿನ ಹೆಂಗಸು, ಮೊಣಕೈವರೆಗೆ ಸದಾ ನೀರು. ನಾನು ಕಪ್ಪೆಯ ಅವಸ್ಥೆ ಹೇಳಿದೆ.

"ಮೇಲೆ ಏನು ಮುಚ್ಚಿದ್ದೀರಿ?"

"ಕೊಡೆ ಬಟ್ಟೆ."

"ಯಾಕೆ?"

"ಒದ್ದೆ ಆಗಬಾರದು ಅಂತ."

ಅವಳು ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟಳು. "ಕೂಸೇ, ಕಪ್ಪೆಗೆ ಕೊಡೆ ಹಿಡಿದೋರನ್ನ ನಾನು ಇವತ್ತೇ ನೋಡಿದ್ದು" ಎಂದು ನಗಲು ಶುರುಮಾಡಿದಳು. ಮೀನುಗಳೆಲ್ಲ ತೊಟ್ಟಿಯ ಮೂಲೆ ಸೇರುವಷ್ಟು ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಕೆಲಸ ನನ್ನದಿತ್ತು, ಹಲ್ಲು ಕಚ್ಚಿ ನಿಂತೆ. ನಗು ಮುಗಿದ ಮೇಲೆ ಅವಳು ನನ್ನನ್ನು ಹತ್ತಿರ ಎಳೆದುಕೊಂಡು ನಿಧಾನವಾಗಿ ಹೇಳಿದಳು.

"ಅದು ಬಾಯಲ್ಲಿ ನೀರು ಕುಡಿಯಲ್ಲ, ಮೈಯಲ್ಲಿ ಕುಡಿಯುತ್ತೆ. ಒದ್ದೆ ಆಗ್ಲೇಬೇಕು. ಒಣಗಿಸಿ ಇಟ್ರೆ ಸಾಯುತ್ತೆ. ಮೇಲೆ ಜಾಲರಿ ಹಾಕಿ, ಗಾಳಿ ಆಡ್ಲಿ. ನಲ್ಲಿ ನೀರಲ್ಲಿ ಔಷಧಿ ಇರುತ್ತೆ, ಹಿಂದಿನ ದಿನಾನೇ ಅಗಲ ಪಾತ್ರೇಲಿ ಹಿಡಿದಿಟ್ಟು ಹಾಕಿ. ಬೆಳಿಗ್ಗೆ ಬೆಳಿಗ್ಗೆ ಮೇಲಿಂದ ಚಿಮುಕಿಸಿ, ಮಳೆ ಬಂದ ಹಾಗೆ. ಬ್ರೆಡ್ ಬಿಸಾಕು. ಅಲ್ಲಾಡದೇ ಇರೋದು ಅದರ ಕಣ್ಣಿಗೆ ಊಟಾನೇ ಅಲ್ಲ. ಮಿಡತೆ ಹಿಡಿದು ಹಾಕು, ಅದರ ಎರಡು ಕಣ್ಣಿನ ನಡುವೆ ಇರೋ ಜಾಗಕ್ಕಿಂತ ದಪ್ಪ ಇರಬಾರದು."

ನಾನು ಮನೆಗೆ ಬಂದು ಒಂದಕ್ಷರ ಬಿಡದೆ ಅಮ್ಮನಿಗೆ ಒಪ್ಪಿಸಿದೆ. ಅಮ್ಮ ಬಹಳ ಹೊತ್ತು ಕಪ್ಪು ಬಟ್ಟೆಯನ್ನೇ ನೋಡಿದಳು. ಆಮೇಲೆ ಕತ್ತರಿ ತಂದು ಕಟ್ಟಿದ್ದ ದಾರ ಕತ್ತರಿಸಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಆದರೂ ಬಂತಲ್ಲ.

ಚಿಮುಕಿಸುವುದಕ್ಕೆ ಜರಡಿ ಮೂತಿಯ ಕ್ಯಾನು ಬೇಕಿತ್ತು. ಅದನ್ನು ತರಲು ನಾನು ಕೆಳಗಿಳಿದೆ. ಬಾಗಿಲು ಮುಚ್ಚಿದ ಅಂಗಡಿಯಲ್ಲಿ ಮೇಣದ ವಾಸನೆ ಹಾಗೆಯೇ ಇತ್ತು. ಅಪ್ಪ ಅರ್ಧ ಹೊಲಿದಿಟ್ಟ ಬಟ್ಟೆಯಲ್ಲಿ ಸೂಜಿ ಚುಚ್ಚಿಯೇ ಇತ್ತು. ಕ್ಯಾನು ಹಿಂಬಾಗಿಲ ಬಳಿ, ಮ್ಯಾನೇಜರ್ ಕೂರುತ್ತಿದ್ದ ಜಾಗದ ಪಕ್ಕದಲ್ಲೇ ಸಿಕ್ಕಿತು. ಅದು ಅಲ್ಲಿ ಯಾಕಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಹೊಸ ಪಾಚಿ, ಒಂದು ತುಂಡು ತೊಗಟೆ, ಹಳೆಯ ಕೊಂಬೆ, ಹತ್ತಲು ಇಳಿಯಲು ಆಗುವಂಥ ತಗ್ಗು ತಟ್ಟೆಯಲ್ಲಿ ನೀರು. ಅಮ್ಮ ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಚಿಮುಕಿಸಿದಳು. ನಾನು ಖಾಲಿ ಸೈಟುಗಳಲ್ಲಿ ಮಿಡತೆಯ ಹಿಂದೆ ಓಡಿದೆ. ಶಾಲೆಯ ಹುಡುಗಿಯರು ನನ್ನನ್ನು ಮಿಡತೆ ಎಂದೇ ಕರೆಯತೊಡಗಿದರು. ಕರೆದುಕೊಳ್ಳಲಿ. ಕಪ್ಪೆ ಒಂದು ದಿನ ಬೆನ್ನು ಬಗ್ಗಿಸಿ, ಕಾಲು ಒದರಿ, ಬನಿಯನ್ ಬಿಚ್ಚಿದ ಹಾಗೆ ಹಳೆಯ ಚರ್ಮ ಬಿಚ್ಚಿ, ಅದನ್ನು ತಾನೇ ತಿಂದಿತು. ನಾನು ಹೆದರಿ ಮೀನಿನವಳ ಬಳಿ ಓಡಿದೆ. "ಒಳ್ಳೇದು, ಗಟ್ಟಿಯಾಯ್ತು" ಎಂದಳು. ಒಳಗಿನಿಂದ ಹಸಿರು ಮತ್ತೆ ಬಂದಿತ್ತು.

ಆಮೇಲೊಂದು ಬೆಳಿಗ್ಗೆ ಅಮ್ಮ ನೀರು ಚಿಮುಕಿಸಿ ಕ್ಯಾನು ಕೆಳಗಿಡುವಷ್ಟರಲ್ಲಿ ಮ್ಯಾನೇಜರ್ ಗಂಟಲು ಉಬ್ಬಿಸಿ ಕೂಗಿದ. ಇಡೀ ಮನೆ ನಡುಗಿದ ಹಾಗಾಯಿತು. ಒಳಗೆ ಅಪ್ಪನ ಮಂಚ ಕಿರುಗುಟ್ಟಿತು. ನಾವಿಬ್ಬರೂ ಬಾಗಿಲ ಸಂದಿಯಿಂದ ನೋಡಿದೆವು. ಗೋಡೆ ನೋಡುತ್ತಿದ್ದ ಮುಖ ಬಾಗಿಲ ಕಡೆ ತಿರುಗಿತ್ತು.

ಮರುದಿನ ಕಪ್ಪೆ ಕೂಗಿದಾಗ ಅಪ್ಪ ಎದ್ದು ಕೂತ. ಅದರ ಮರುದಿನ ಕಾಲು ನೆಲಕ್ಕಿಟ್ಟ. ಇನ್ನೊಂದು ದಿನ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡು, ಗುಂಡಿ ಹಾಕಿ, ಮಂಚದ ತುದಿಯಲ್ಲಿ ಕೂತ. ಅಮ್ಮ ನನ್ನ ಕೈಯನ್ನು ನೋವಾಗುವಷ್ಟು ಹಿಡಿದಿದ್ದಳು. ಅಪ್ಪ ಬಾಗಿಲನ್ನೇ ನೋಡುತ್ತ, ಬಸ್ಸಿಗೆ ಕಾಯುವವನ ಹಾಗೆ ಕೂತೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ.

ಹೀಗೇ ನಡೆಯಿತು ದಿನಾ. ನೀರು ಬೀಳುತ್ತಿತ್ತು, ಕಪ್ಪೆ ಕೂಗುತ್ತಿತ್ತು, ಅಪ್ಪ ಅಂಗಿ ಹಾಕಿಕೊಂಡು ಕೂರುತ್ತಿದ್ದ, ಬಿಚ್ಚಿ ಮಲಗುತ್ತಿದ್ದ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. "ಏನೋ ಒಂದು ಸಾಲ್ತಿಲ್ಲ" ಎಂದು ಅಮ್ಮ ಇನ್ನೂ ಹೆಚ್ಚು ನೀರು ಸುರಿದಳು. ತಟ್ಟೆ ತುಂಬಿತು, ಪೆಟ್ಟಿಗೆಯ ಹೊರಗೆ ಚೆಲ್ಲಿದ್ದು ಮೆಟ್ಟಿಲ ಮೇಲೆ ಹರಿಯಿತು. ಕಪ್ಪೆ ಇನ್ನೂ ಹೆಚ್ಚು ಕೂಗಿತು. ಅಪ್ಪ ಅಷ್ಟೇ ಹೊತ್ತು ಕೂತು ಅಷ್ಟೇ ಹೊತ್ತಿಗೆ ಮಲಗಿದ. ಅಷ್ಟರಲ್ಲಿ ಆಕಾಶದ ಅಂಚಿನಲ್ಲಿ ಮೋಡ ಕಾಣತೊಡಗಿತ್ತು. ಶಾಲೆಯ ಜವಾನ ಬಂದು, ಮಳೆ ಬರೋ ಕಾಲ ಆಯ್ತು ಎಂದು ರಿಪೇರಿಯಾಗದ ತನ್ನ ಕೊಡೆಯನ್ನೇ ವಾಪಸು ಕೇಳಿ ತೆಗೆದುಕೊಂಡು ಹೋದ. ಮುಂದಿನ ಬೀದಿಯಲ್ಲಿ ಯಾರೋ ಹೊಸಬ ರಿಪೇರಿ ಅಂಗಡಿ ಇಟ್ಟಿದ್ದಾನಂತೆ. ಅಮ್ಮ ಕಿಟಕಿಯಲ್ಲಿ ನಿಂತು ಅವನು ಹೋಗುವುದನ್ನು ನೋಡಿದಳು. ಅವತ್ತು ಅವಳು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟು ಮೆಟ್ಟಿಲ ಬುಡದಲ್ಲಿ ಶೂ ಕಟ್ಟುತ್ತಿದ್ದೆ. ಮೇಲೆ ನೀರು ಬಿತ್ತು, ಕಪ್ಪೆ ಕೂಗಿತು, ಮಂಚ ಕಿರುಗುಟ್ಟಿತು. ಅಪ್ಪ ಅಂಗಿ ಹಾಕಿಕೊಳ್ಳುತ್ತಿದ್ದಾನೆ ಎಂದು ನನಗೆ ನೋಡದೆಯೇ ಗೊತ್ತಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಬಿಚ್ಚುತ್ತಾನೆ ಎಂಬುದೂ ಗೊತ್ತಿತ್ತು. ನಾನು ಹುಟ್ಟಾ ಮುಂಗೋಪಿ. ಊಟ ಬಿಟ್ಟ ಅಮ್ಮನ ಮುಖ, ಕೊಡೆ ವಾಪಸು ಒಯ್ದ ಜವಾನನ ಮುಖ ಎಲ್ಲವೂ ಒಟ್ಟಿಗೆ ನೆನಪಾಗಿ ಪಿತ್ತ ನೆತ್ತಿಗೇರಿತು. ಎದ್ದು ನಿಂತು, ಗಂಟಲು ಹರಿಯುವ ಹಾಗೆ ಮೇಲಕ್ಕೆ ಕೂಗಿದೆ.

"ಮ್ಯಾನೇಜರ್ ಕೂಗಾಯ್ತು, ಏಳೋ ಸೋಮಾರಿ."

ಕೂಗಿದ ಮೇಲೆ ನೆನಪಾಯಿತು. ಅದು ಮನೆಯಲ್ಲಿ ಆಡಬಾರದ ಮಾತು, ಅದೂ ಹೆತ್ತ ಅಪ್ಪನಿಗೆ. ಮೇಲೆ ಅಮ್ಮ ಕ್ಯಾನು ಹಿಡಿದು ಕಲ್ಲಾಗಿ ನಿಂತಿದ್ದಳು. ಕ್ಯಾನಿನಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ ಕೋಣೆಯೊಳಗಿನಿಂದ ಒಂದು ಸದ್ದು ಬಂತು. ನಾನು ಎಂದೂ ಕೇಳದ ಸದ್ದು. ಅಪ್ಪ ಅಳುತ್ತಿದ್ದ.

ನಾನು ಮೆಟ್ಟಿಲು ಹತ್ತಿ ಓಡಿದೆ. "ಅಪ್ಪನ್ನ ಸುಮ್ಮನಿರಿಸಮ್ಮ" ಎಂದೆ. ಅಮ್ಮ ಟವಲು ಹಿಡಿದು ಬಾಗಿಲವರೆಗೆ ಹೋದವಳು, ಅಲ್ಲೇ ನಿಂತಳು. ತಿರುಗಿ ಗಾಜಿನ ಪೆಟ್ಟಿಗೆಯನ್ನು ನೋಡಿದಳು. ಹನಿಹನಿಯಾಗಿ ನೀರು ಇಳಿಯುವ ಗಾಜಿಗೆ ಮ್ಯಾನೇಜರ್ ಹೊಟ್ಟೆ ಅಂಟಿಸಿ ಕೂತಿದ್ದ.

"ಬಿಡು. ಒದ್ದೆ ಆಗ್ಲಿ" ಎಂದು ಅಮ್ಮ ಟವಲನ್ನು ಹೆಗಲ ಮೇಲೆ ಹಾಕಿಕೊಂಡಳು.

ನಾವು ಹೊರಗೇ ಕೂತೆವು. ಒಳಗೆ ಅಪ್ಪ "ಅಣ್ಣಾ, ಅಣ್ಣಾ" ಎಂದು ಅಳುತ್ತಲೇ ಇದ್ದ. ಹೊರಗೆ ಅಮ್ಮನೂ ಅತ್ತಳು. ನಾನೂ ಅತ್ತೆ. ತೊಟ್ಟಿಲಲ್ಲಿದ್ದ ತಂಗಿ ನಾವೆಲ್ಲ ಅಳುವುದನ್ನು ಕೇಳಿ ತಾನೂ ರಾಗ ತೆಗೆದಳು. ಕಪ್ಪೆ ಒಂದು ಮಾತ್ರ ನಮ್ಮೆಲ್ಲರಿಗಿಂತ ಜೋರಾಗಿ ಕೂಗುತ್ತಿತ್ತು. ಅದಕ್ಕೇನು, ಅದರ ಪಾಲಿಗೆ ಮಳೆ.

ಅಪ್ಪ ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು, ಅಂಗಿ ಮೈಮೇಲೇ ಇತ್ತು.

"ಹೆತ್ತಪ್ಪಂಗೇ ಏಳೋ ಅಂತೀಯಾ?" ಎಂದ.

ನಾನು ಅಮ್ಮನ ಹಿಂದೆ ಸರಿದೆ.

"ಅಣ್ಣ ಇನ್ನೂ ಜೋರಾಗಿ ಕೂಗ್ತಿದ್ದ" ಎಂದು ಮೆಟ್ಟಿಲ ಮೇಲೆ ನಮ್ಮ ಪಕ್ಕ ಕೂತ. "ಮೊದಲು ನೀರು, ಆಮೇಲೆ ಕಪ್ಪೆ, ಆಮೇಲೆ ಅಣ್ಣ. ದಿನಾ ಅದೇ ವರಸೆ. ಈಗ ನೀರಿನ ಸದ್ದು ಬರ್ತಿತ್ತು, ಕಪ್ಪೆ ಕೂಗ್ತಿತ್ತು, ಮೂರನೇದಕ್ಕೆ 'ಬಂತು, ಈಗ ಬಂತು' ಅಂತ ಕೂರ್ತಿದ್ದೆ. ಬರಲ್ಲ ಅಂತ ಗೊತ್ತಿತ್ತು. ಆದ್ರೂ ಕೂರ್ತಿದ್ದೆ."

ಅಮ್ಮ ಕ್ಯಾನನ್ನು ಸೆರಗಿನ ಹಿಂದೆ ಮರೆಮಾಡಲು ನೋಡಿದಳು. "ನೀರಿನ ವಿಷಯ ನಿಮಗೆ ಗೊತ್ತಿತ್ತಾ?"

"ಕೊಡೆಗೆ ನೀರು ಹಾಕಿ ನೋಡೋದು ಸಂಜೆ. ಬೆಳಿಗ್ಗೆ ಎದ್ದ ತಕ್ಷಣ ಯಾವ ಕೊಡೆ ಇರುತ್ತೆ ನೋಡೋಕೆ? ನನ್ನನ್ನ ಎಬ್ಬಿಸೋಕೆ ಅಂತಾನೇ ಅವನು ಮ್ಯಾನೇಜರ್ ಮೇಲೆ ನೀರು ಹಾಕಿ ಕೂಗಿಸ್ತಿದ್ದ. ಸುಮ್ಮನೆ ಏಳು ಅಂದ್ರೆ ನಾನೆಲ್ಲಿ ಏಳ್ತಿದ್ದೆ. ನಾನು ಮಲಗೇ ಎಲ್ಲ ಕೇಳಿಸ್ಕೊಂಡು, ಏನೂ ಗೊತ್ತಿಲ್ಲದೋನ ಹಾಗೆ ಎದ್ದು ಹೋಗಿ, ಎಲ್ಲಿದೆ ಮಳೆ ಅಂತ ಕೇಳ್ತಿದ್ದೆ." ಅಪ್ಪ ಮೂಗು ಒರೆಸಿಕೊಂಡ. "ನನಗೆ ಗೊತ್ತಿದೆ ಅಂತ ಅವನಿಗೂ ಗೊತ್ತಿತ್ತೋ ಏನೋ. ಕೇಳಬೇಕಿತ್ತು ಒಂದು ಸಲ."

ಅಮ್ಮ ಎದ್ದು ಅಟ್ಟ ಹತ್ತಿ ದೊಡ್ಡಪ್ಪನ ಸ್ಟೂಲು ಇಳಿಸಿ ತಂದಳು. ಅಪ್ಪ ಅದನ್ನು ಹೊತ್ತುಕೊಂಡು ಕೆಳಗಿಳಿದ. ಅಂಗಡಿಯ ಬಾಗಿಲು ತೆಗೆದಾಗ ಧೂಳಿನ ಮೇಲೆ ಬಿಸಿಲು ಬಿತ್ತು. ಆಕಾಶದಲ್ಲಿ ಆ ಹೊತ್ತಿಗೆ ಒಂದು ತುಂಡು ಮೋಡವೂ ಇರಲಿಲ್ಲ. ಎದುರಿನ ಅಂಗಡಿಯವರು ನಿಂತು ನೋಡಿದರು.

"ಮಳೆ ಎಲ್ಲಪ್ಪ?" ಎಂದು ನಾನು ಕೇಳಿದೆ.

"ಎಲ್ಲೋ ಬರ್ತಿರುತ್ತೆ" ಎಂದ ಅಪ್ಪ.

ಅವತ್ತು ನಾನು ಶಾಲೆಗೆ ಹೋಗಲಿಲ್ಲ, ಯಾರೂ ಹೋಗು ಎನ್ನಲೂ ಇಲ್ಲ. ಸಂಜೆಯ ಹೊತ್ತಿಗೆ ಚುಚ್ಚಿದ ಸೂಜಿಯಿದ್ದ ಬಟ್ಟೆ ಹೊಲಿದು ಮುಗಿಯಿತು. ಅಪ್ಪ ಕೊಡೆಯನ್ನು ಹಿತ್ತಲಿಗೆ ತಂದು ಬಿಚ್ಚಿದ. ಅಭ್ಯಾಸಬಲದಿಂದ ಅದರಡಿ ತಾನೇ ಹೋಗಿ ನಿಂತ. ಮೇಲಿಂದ ನೀರು ಬರಲಿಲ್ಲ. ಒಂದು ಗಳಿಗೆ ಹಾಗೆಯೇ ನಿಂತು, ಆಮೇಲೆ ಹೊರಗೆ ಬಂದು ಹಿಡಿಯನ್ನು ನನ್ನ ಕೈಗೆ ಕೊಟ್ಟ. ಕ್ಯಾನು ತಾನು ಎತ್ತಿಕೊಂಡ. ಕೊಡೆಯೊಳಗೆ ನಿಂತವಳಿಗೆ ನೀರು ಬೀಳುವ ಸದ್ದು ಎಷ್ಟು ದೊಡ್ಡದಾಗಿ ಕೇಳುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಮೇಲೆ ಮೆಟ್ಟಿಲ ಬಳಿಯಿಂದ ಮ್ಯಾನೇಜರ್ ಅದನ್ನು ಕೇಳಿ ಕೂಗಿದ. ನನ್ನ ಹಣೆಗೆ ಒಂದು ಹನಿ ಬಿತ್ತು.

"ಸೋರ್ತಿದೆ ಅಪ್ಪ."

"ಎಲ್ಲಿ, ತೋರ್ಸು" ಎಂದು ಅವನು ಕೊಡೆಯೊಳಗೆ ಬಗ್ಗಿ ಬಂದ.

ಅಲ್ಲಿಂದ ಮುಂದೆ ಅಪ್ಪನನ್ನು ಎಬ್ಬಿಸುವ ಕೆಲಸ ನನ್ನದಾಯಿತು. ಮ್ಯಾನೇಜರ್ ಬಹಳ ವರ್ಷ ಬದುಕಿದ. ಚೆನ್ನಾಗಿ ನೋಡಿಕೊಂಡರೆ ಕಪ್ಪೆ ನಾಯಿಯಷ್ಟು ವರ್ಷ ಬದುಕುತ್ತದೆ, ಇದನ್ನೂ ಮಾರುವವನು ಹೇಳಿರುವುದಿಲ್ಲ. ಮ್ಯಾನೇಜರ್ ಹೋದ ಮೇಲೂ ನಾನು ಮೆಟ್ಟಿಲ ಬುಡದಲ್ಲಿ ನಿಂತು ಅದೇ ಮಾತು ಕೂಗುತ್ತಿದ್ದೆ. ನನಗೆ ಇಷ್ಟು ದೊಡ್ಡ ಗಂಟಲು ಬಂದದ್ದೇ ಹಾಗೆ. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಎರಡು ಸ್ಟೂಲುಗಳಿವೆ. ಒಂದರ ಮೇಲೆ ಯಾರೂ ಕೂರುವುದಿಲ್ಲ, ನಿನ್ನೆ ಇವಳು ಕೂತದ್ದು ಬಿಟ್ಟರೆ.

ತಂಗಿಯ ಮಗಳು ಕೇಳುತ್ತಾ ಕೇಳುತ್ತಾ ಡಬ್ಬಿಯ ಮುಚ್ಚಳ ತೆಗೆದು, ಮೇಲೆ ತನ್ನ ತೆಳ್ಳಗಿನ ಕರ್ಚೀಫು ಹೊದಿಸಿದ್ದಳು. ಗಾಳಿ ಆಡಲಿ ಎಂದು. ನನಗೆ ಅದು ಇಷ್ಟವಾಯಿತು, ಹೇಳಲು ಹೋಗಲಿಲ್ಲ.

"ದೊಡ್ಡಮ್ಮ, ಇದು ಹೆಣ್ಣಾದ್ರೆ? ಹೆಣ್ಣು ಕಪ್ಪೆ ಕೂಗಲ್ಲ ಅಂತ ಮಾರೋನು ಹೇಳಿದ. ಆಗ ಏನು ಮಾಡೋದು?"

"ನೀನೇ ಕೂಗು. ಕಪ್ಪೆ ಹೇಗಿದ್ರೂ ಅರ್ಧ ಕೆಲಸ ತಾನೇ ಮಾಡೋದು."

ಹೊರಡುವಾಗ ಅವಳ ಕೈಗೆ ಜರಡಿ ಮೂತಿಯ ಕ್ಯಾನು ಕೊಟ್ಟೆ. ಅದರ ಹಿಡಿಗೆ ದೊಡ್ಡಪ್ಪ ಸುತ್ತಿದ ತಂತಿ ಇನ್ನೂ ಗಟ್ಟಿಯಾಗಿದೆ. ಇನ್ನು ಕೊಡೆಗೆ ನೀರು ಹಾಕಿ ನೋಡೋಕೆ ನೀವೇನು ಮಾಡ್ತೀರಿ ಎಂದು ಅವಳು ಕೇಳಿದಳು. ಭಾನುವಾರ ಸಂಜೆ ಕ್ಯಾನು ತಗೊಂಡು ಬಾ, ಕೊಡೆ ಒಳಗೆ ನಿಲ್ಲೋಕೆ ಒಬ್ಬರು ಬೇಕು ಎಂದೆ.